ಬೋಟ್‌ಹೌಸಿನಲ್ಲಿ ಎಸಿ ರಾತ್ರಿ ಮಾತ್ರ ಯಾಕೆ? ನೀರಿನ ಮೇಲೆ ಕರೆಂಟಿನ ಲೆಕ್ಕ

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಮನೆಗಳಲ್ಲಿ ಅಲೆಪ್ಪಿ ಮಾತು ಏಳುತ್ತದೆ. ರಾತ್ರಿ ಬಸ್ಸೋ ರೈಲೋ ಹತ್ತಿದರೆ ಮರುದಿನ ಹಿನ್ನೀರು. ಬೋಟ್‌ಹೌಸ್ ಬುಕ್ ಮಾಡುವಾಗ ಒಂದು ಸಾಲು ಎಲ್ಲರ ಕಣ್ಣಿಗೂ ಬೀಳುತ್ತದೆ: 'ಎಸಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮಾತ್ರ'. ಇಷ್ಟು ದುಡ್ಡು ಕೊಟ್ಟು ಮಧ್ಯಾಹ್ನದ ಸೆಖೆಯಲ್ಲಿ ಎಸಿ ಇಲ್ವಾ ಅಂತ ಯಾರಿಗಾದರೂ ಅನಿಸುತ್ತದೆ.

ನಮ್ಮ ಮನೆಯವರು ಹೋದಾಗ ಸೋದರತ್ತೆ ಬ್ಯಾಗಿನಲ್ಲಿ ಕರೆಂಟ್ ಕೆಟಲ್ ಇಟ್ಟುಕೊಂಡು ಬಂದಿದ್ದರು. ರಾತ್ರಿ ಹತ್ತರ ಹೊತ್ತು. ಎರಡೂ ರೂಮಿನ ಎಸಿ ಓಡುತ್ತಿತ್ತು. ಮಗುವಿಗೆ ಹಾಲಿನಪುಡಿ ಕಲಸಲು ಬಿಸಿನೀರು ಬೇಕಾಗಿ ಅತ್ತೆ ಕೆಟಲ್ ಹಾಕಿದರು. ಹಿಂದುಗಡೆ ಓಡುತ್ತಿದ್ದ ಜನರೇಟರಿನ ಸದ್ದು ತುಸು ಕುಗ್ಗಿತು. ಬಲ್ಬು ಮಂಕಾಯಿತು. ಅಷ್ಟರಲ್ಲಿ ಪಕ್ಕದ ಬಾತ್‌ರೂಮಿನಲ್ಲಿ ಯಾರೋ ನಲ್ಲಿ ತಿರುಗಿಸಿದರು, ನೀರಿನ ಪಂಪು 'ಹುಂ' ಅಂತ ಎದ್ದಿತು. ಟಪ್! ಇಡೀ ಬೋಟು ಕತ್ತಲೆ.

ಅಡುಗೆಯವರು ಟಾರ್ಚ್ ಹಿಡಿದು ಬಂದರು. ಕೆಟಲಿನ ಪ್ಲಗ್ ಕಿತ್ತರು. "ಅಮ್ಮಾ, ಎಸಿ ಬೇಕಾ, ಇದು ಬೇಕಾ?" ಅಂತ ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಕೇಳಿ, ಗ್ಯಾಸ್ ಒಲೆ ಮೇಲೆ ನೀರಿಟ್ಟು ಕೊಟ್ಟರು. ಆಮೇಲೆ ಅತ್ತೆ ನನ್ನ ಕಡೆ ತಿರುಗಿ, "ಮನೇಲಿ ಗೀಸರು, ಮಿಕ್ಸಿ, ವಾಷಿಂಗ್ ಮಷಿನ್ನು ಎಲ್ಲಾ ಒಟ್ಟಿಗೇ ಹಾಕ್ತೀವಲ್ಲೋ, ಇಲ್ಲಿ ಒಂದು ಲೋಟ ನೀರಿಗೆ ಹಿಂಗಾಯ್ತಲ್ಲ, ಯಾಕೆ?" ಎಂದರು. ಒಳ್ಳೇ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ.

ಮನೆಯ ಕರೆಂಟು, ಜನರೇಟರಿನ ಕರೆಂಟು

ಎರಡೂ ಕಡೆ ಪ್ಲಗ್ಗಿನಲ್ಲಿ ಬರುವುದು ಅದೇ 230 ವೋಲ್ಟ್, 50 ಹರ್ಟ್ಸ್. ವ್ಯತ್ಯಾಸ ಇರುವುದು ಅದರ ಬೆನ್ನ ಹಿಂದೆ. ನಿಮ್ಮ ಮನೆಯ ಪ್ಲಗ್ಗಿನ ಹಿಂದೆ ಬೀದಿಯ ಟ್ರಾನ್ಸ್‌ಫಾರ್ಮರ್ ಇದೆ, ಅದರ ಹಿಂದೆ ಸಬ್‌ಸ್ಟೇಷನ್, ಅದರ ಹಿಂದೆ ಶರಾವತಿ, ರಾಯಚೂರು, ಪಾವಗಡ ಎಲ್ಲ ಸೇರಿದ ದೊಡ್ಡ ಜಾಲ ಇದೆ. ನೀವು ಗೀಸರ್ ಹಾಕಿದ್ದು ಆ ಜಾಲಕ್ಕೆ ಗೊತ್ತೇ ಆಗುವುದಿಲ್ಲ. ಕೆರೆಯಿಂದ ಒಂದು ಚೊಂಬು ನೀರು ತೆಗೆದ ಹಾಗೆ.

ಬೋಟಿನಲ್ಲಿ ಇರುವುದು ಒಂದೇ ಒಂದು ಸಣ್ಣ ಎಂಜಿನ್ನು. ಅದು ಬೋರ್‌ವೆಲ್ ಹ್ಯಾಂಡ್‌ಪಂಪ್ ಹೊಡೆಯುತ್ತಿರುವ ಒಬ್ಬ ಮನುಷ್ಯನ ಹಾಗೆ. ಅಲ್ಲಿ ಕೂಡಿಟ್ಟ ನೀರಿಲ್ಲ. ಆ ಕ್ಷಣಕ್ಕೆ ಎಷ್ಟು ಬೇಕೋ ಅಷ್ಟನ್ನು ಆ ಕ್ಷಣದಲ್ಲೇ ಹೊಡೆಯಬೇಕು. ಒಂದು ಬಿಂದಿಗೆ ಇಟ್ಟಲ್ಲಿ ಎರಡು ಇಟ್ಟರೆ ಕೈ ಸೋಲುತ್ತದೆ. ಕೆಟಲ್ ಹಾಕಿದಾಗ ನಾವು ಕೇಳಿದ ಕುಗ್ಗಿದ ಸದ್ದು ಅದೇ, ಕೈ ಸೋತ ಸದ್ದು.

ಬೋಟನ್ನು ಓಡಿಸುವ ಎಂಜಿನ್ ಹೇಗೂ ಇದೆಯಲ್ಲ, ಅದರಿಂದಲೇ ಎಸಿ ಓಡಿಸಬಹುದಲ್ವಾ ಅಂತ ನಮ್ಮ ಜೊತೆ ಬಂದಿದ್ದವರೊಬ್ಬರು ಕೇಳಿದರು. ಆ ಎಂಜಿನ್ನಿನ ವೇಗ ಒಂದೇ ಸಮ ಇರುವುದಿಲ್ಲ, ತಿರುವಿನಲ್ಲಿ ಕಡಿಮೆ, ಅಗಲದ ನೀರಿನಲ್ಲಿ ಜಾಸ್ತಿ. ಮನೆಯ ಸಾಮಾನುಗಳಿಗೆ ಬೇಕಾದದ್ದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗಿಬರುವ ಕರೆಂಟು, ಅದೇ 50 ಹರ್ಟ್ಸ್. ಅದಕ್ಕೆ ಜನರೇಟರ್ ಒಂದೇ ವೇಗದಲ್ಲಿ ತಿರುಗಬೇಕು. ಸಣ್ಣ ಪೆಟ್ರೋಲ್ ಜನರೇಟರುಗಳು ನಿಮಿಷಕ್ಕೆ 3000 ಸುತ್ತು, ಸ್ವಲ್ಪ ದೊಡ್ಡ ಡೀಸೆಲ್‌ನವು ಸಾಮಾನ್ಯವಾಗಿ 1500 ಸುತ್ತು. ಸಣ್ಣದು ಕಿವಿಗೆ ಕರ್ಕಶ, ದೊಡ್ಡದು ಗುಡುಗುಡು ಅನ್ನುವುದಕ್ಕೆ ಇದೂ ಒಂದು ಕಾರಣ. ಹೀಗಾಗಿ ಓಡಿಸುವ ಎಂಜಿನ್ ಬೇರೆ, ಕರೆಂಟಿನ ಎಂಜಿನ್ ಬೇರೆ.

ವ್ಯಾಟು ಬೇರೆ, ಯೂನಿಟ್ಟು ಬೇರೆ

ಇದೊಂದು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ವ್ಯಾಟ್ ಅಂದರೆ ಕರೆಂಟು ಎಷ್ಟು ಜೋರಾಗಿ ಖರ್ಚಾಗುತ್ತಿದೆ ಅನ್ನುವುದು. ಯೂನಿಟ್ ಅಂದರೆ ಒಟ್ಟು ಎಷ್ಟು ಖರ್ಚಾಯಿತು ಅನ್ನುವುದು. 1000 ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಬೆಸ್ಕಾಂ ಬಿಲ್ಲು ಮುಖ್ಯವಾಗಿ ಎಣಿಸುವುದು ಯೂನಿಟ್ಟನ್ನು. ಜನರೇಟರಿಗೆ ನೋವಾಗುವುದು ವ್ಯಾಟಿನಿಂದ.

ಅತ್ತೆಯ ಕೆಟಲನ್ನೇ ನೋಡಿ. ಅಡಿಯಲ್ಲಿ 1500 ವ್ಯಾಟ್ ಅಂತ ಬರೆದಿತ್ತು. ಅರ್ಧ ಲೀಟರ್ ನೀರು ಕುದಿಯಲು ಅದಕ್ಕೆ ಎರಡು ನಿಮಿಷ ಸಾಕು. ಯೂನಿಟ್ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಇಪ್ಪತ್ತನೇ ಭಾಗ ಅಷ್ಟೇ. ಮನೆಯ ಬಿಲ್ಲಿನಲ್ಲಿ ಅದು ಕಣ್ಣಿಗೇ ಬೀಳದು. ಆದರೆ ಆ ಎರಡು ನಿಮಿಷ ಅದು ಒಂದು ಎಸಿಗಿಂತ ಜಾಸ್ತಿ ಎಳೆಯುತ್ತದೆ. ಅದೇ ನೀರನ್ನು 600 ವ್ಯಾಟಿನ ಪುಟ್ಟ ಕೆಟಲಿನಲ್ಲಿ ಕಾಯಿಸಿದರೆ ನಾಲ್ಕೈದು ನಿಮಿಷ ಹಿಡಿಯುತ್ತದೆ, ಖರ್ಚಾಗುವ ಯೂನಿಟ್ ಹೆಚ್ಚುಕಡಿಮೆ ಅಷ್ಟೇ. ಬೋಟು ಮಾತ್ರ ಕತ್ತಲಾಗುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದು ಹೊಸದೇನಲ್ಲ. ಕರೆಂಟ್ ಹೋಗಿ ಡಿಜಿ, ಅಂದರೆ ಡೀಸೆಲ್ ಜನರೇಟರ್ ಶುರುವಾದಾಗ ಎಷ್ಟೋ ಕಡೆ ಒಂದೊಂದು ಮನೆಗೆ ಅರ್ಧ ಅಥವಾ ಒಂದು ಕಿಲೋವ್ಯಾಟ್ ಅಂತ ಮಿತಿ ಇಟ್ಟಿರುತ್ತಾರೆ. ಮರೆತು ಗೀಸರ್ ಹಾಕಿದರೆ ಮನೆ ಮಾತ್ರ ಕತ್ತಲೆ, ಲಿಫ್ಟು ಮಾತ್ರ ಓಡುತ್ತಿರುತ್ತದೆ. ಬೋಟಿನಲ್ಲಿ ಆಗಿದ್ದೂ ಅದೇ.

ಕೆವಿಎ ಅಂದರೇನು?

ಬೆಳಗ್ಗೆ ಹಿಂದುಗಡೆ ಹೋಗಿ ಆ ಜನರೇಟರ್ ನೋಡಿದೆ. ಎಣ್ಣೆ ಹಿಡಿದ ಸಣ್ಣ ತಗಡಿನ ಮೇಲೆ 5 ಕೆವಿಎ ಅಂತ ಅಚ್ಚಾಗಿತ್ತು. ಐದು ಕೆವಿಎ ಅಂದರೆ ಐದು ಸಾವಿರ ವ್ಯಾಟ್ ಅಂತ ತುಂಬಾ ಜನ ಎಣಿಸಿಕೊಳ್ಳುತ್ತಾರೆ. ಹಾಗಲ್ಲ.

ಕಾಲುವೆಯಲ್ಲಿರುವ ದೋಣಿಯನ್ನು ದಡದ ಮೇಲೆ ನಡೆಯುತ್ತಾ ಹಗ್ಗ ಕಟ್ಟಿ ಎಳೆಯುವುದನ್ನು ನೆನಪಿಸಿಕೊಳ್ಳಿ. ಎಳೆಯುವವನು ದಡದಲ್ಲಿ, ದೋಣಿ ನೀರಿನಲ್ಲಿ. ಹಗ್ಗ ಓರೆಯಾಗಿರುತ್ತದೆ. ಅವನು ಹಾಕುವ ಬಲದಲ್ಲಿ ಬಹುಪಾಲು ದೋಣಿಯನ್ನು ಮುಂದಕ್ಕೆ ಒಯ್ಯುತ್ತದೆ, ಉಳಿದದ್ದು ಸುಮ್ನೆ ದಡದ ಕಡೆ ಜಗ್ಗುತ್ತದೆ. ಆದರೆ ಹಗ್ಗ ಪೂರ್ತಿ ಬಲವನ್ನು ತಡೆಯಬೇಕು, ಅಷ್ಟು ದಪ್ಪ ಇರಬೇಕು. ಮೋಟಾರ್ ಇರುವ ಸಾಮಾನುಗಳು ಕರೆಂಟನ್ನು ಹೀಗೇ ಓರೆಯಾಗಿ ಎಳೆಯುತ್ತವೆ. ನಿಜವಾಗಿ ಕೆಲಸಕ್ಕೆ ಬರುವ ಭಾಗ ಕಿಲೋವ್ಯಾಟ್. ತಂತಿ ಮತ್ತು ಜನರೇಟರ್ ಹೊರಬೇಕಾದ ಪೂರ್ತಿ ಭಾರ ಕೆವಿಎ. ಎರಡರ ನಡುವಿನ ಪ್ರಮಾಣವನ್ನು ಪವರ್ ಫ್ಯಾಕ್ಟರ್ ಅನ್ನುತ್ತಾರೆ. ಜನರೇಟರಿನಲ್ಲಿ ಸಾಮಾನ್ಯವಾಗಿ ಅದನ್ನು 0.8 ಅಂತ ಹಿಡಿಯುತ್ತಾರೆ. ಹಾಗಾಗಿ 5 ಕೆವಿಎ ಜನರೇಟರ್ ಕೊಡುವುದು 4 ಕಿಲೋವ್ಯಾಟ್, ಅಂದರೆ 4000 ವ್ಯಾಟ್. ಬೆಂಗಳೂರಿನ ಎಸ್.ಜೆ.ಪಿ. ರೋಡಿನಲ್ಲಿ ಜನರೇಟರ್ ಕೊಳ್ಳಲು ಹೋದಾಗಲೂ ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಮೋಟಾರಿನ ಮೊದಲ ಜಗ್ಗು

ಕೆಟ್ಟು ನಿಂತ ಬಸ್ಸನ್ನು ತಳ್ಳಿದ್ದೀರಾ? ಮೊದಲು ಅಲುಗಿಸಲು ಎಂಟು ಜನ ಬೇಕು. ಒಮ್ಮೆ ಉರುಳಿದರೆ ಇಬ್ಬರು ಸಾಕು. ಫ್ರಿಜ್, ಎಸಿ, ನೀರಿನ ಪಂಪು, ಇವುಗಳೊಳಗಿನ ಮೋಟಾರೂ ಹಾಗೇ. ನಿಂತ ಮೋಟಾರು ತಿರುಗಲು ಶುರುವಾಗುವ ಆ ಒಂದು ಕ್ಷಣ, ಓಡುವಾಗ ಬೇಕಾದ ಕರೆಂಟಿನ ಐದರಿಂದ ಏಳು ಪಟ್ಟು ಜಗ್ಗುತ್ತದೆ. ಓಡುವಾಗ 150 ವ್ಯಾಟ್ ತಿನ್ನುವ ಫ್ರಿಜ್ಜು ಏಳುವಾಗ ಸಾವಿರದ ಆಸುಪಾಸಿಗೆ ಹೋಗಬಹುದು. ಮನೆಯಲ್ಲೂ ಹಳೇ ಫ್ರಿಜ್ ಶುರುವಾದಾಗ ಟ್ಯೂಬ್‌ಲೈಟ್ ಒಮ್ಮೆ ಮಿಟುಕುವುದು ಇದಕ್ಕೇ.

ಕೆಟಲು, ಇಸ್ತ್ರಿ ಪೆಟ್ಟಿಗೆ, ಗೀಸರು, ರೈಸ್ ಕುಕ್ಕರ್ ಇವೆಲ್ಲ ಬಿಸಿ ಮಾಡುವ ಸಾಮಾನುಗಳು. ಇವಕ್ಕೆ ಮೊದಲ ಜಗ್ಗು ಇಲ್ಲ. ಆದರೆ ಓಡುವಷ್ಟು ಹೊತ್ತೂ ದೊಡ್ಡ ಭಾರ: ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್, ಗೀಸರ್ 2000, ಇಂಡಕ್ಷನ್ ಒಲೆಯೂ ಹೆಚ್ಚುಕಡಿಮೆ ಅಷ್ಟೇ. ಫ್ಯಾನು, ಟಿವಿ, ಮೊಬೈಲ್ ಚಾರ್ಜರ್ ಇವುಗಳ ಬಗ್ಗೆ ಚಿಂತೆಯೇ ಬೇಡ.

ಜನರೇಟರ್ ಸುಸ್ತಾದಾಗ ಏನಾಗುತ್ತದೆ? ವೋಲ್ಟೇಜ್ ಇಳಿಯುತ್ತದೆ. ಬಲ್ಬಾದರೆ ಮಂಕಾಗಿ ಸುಮ್ಮನಾಗುತ್ತದೆ. ಮೋಟಾರು ಹಾಗಲ್ಲ. ಕಡಿಮೆ ವೋಲ್ಟೇಜಿನಲ್ಲಿ ತಿರುಗಲಾರದೆ ಇನ್ನೂ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ಎಸಿ ಕಂಪ್ರೆಸರ್ ಸುಟ್ಟುಹೋಗುವುದು ಬಹಳ ಸಲ ಹೀಗೇ. ಅದಕ್ಕೇ ಕರೆಂಟ್ ಹೋಗಿ ಬಂದ ತಕ್ಷಣ ಎಸಿ ಹಾಕಬಾರದು. ಕಂಪ್ರೆಸರಿನೊಳಗೆ ಗ್ಯಾಸಿನ ಒತ್ತಡ ಇಳಿಯಲು ಮೂರು ನಿಮಿಷ ಬೇಕು. ಒತ್ತಡ ಇರುವಾಗಲೇ ಎಬ್ಬಿಸಿದರೆ ಬಸ್ಸನ್ನು ಏರಿನಲ್ಲಿ ತಳ್ಳಿದ ಹಾಗೆ.

ಹೊಸ ಇನ್ವರ್ಟರ್ ಎಸಿಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಅವು ನಿಧಾನಕ್ಕೆ ವೇಗ ಏರಿಸಿಕೊಳ್ಳುತ್ತವೆ. ಜನರೇಟರಿನ ಮೇಲೆ ಎಸಿ ಓಡಿಸಬೇಕಾದವರಿಗೆ ಇದು ನಿಜವಾಗಿ ದೊಡ್ಡ ಉಪಕಾರ.

ಆ ರಾತ್ರಿಯ ಲೆಕ್ಕ

ಈಗ ನಮ್ಮ ಬೋಟಿಗೆ ಬರೋಣ. ಎರಡು ರೂಮು, ಎರಡು ಒಂದು ಟನ್ ಎಸಿ. ಟನ್ ಅಂದರೆ ಎಸಿಯ ತೂಕವಲ್ಲ. ಹಿಂದೆ ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗಿ ಕೊಡುತ್ತಿದ್ದ ತಂಪನ್ನು ಅಳತೆಯಾಗಿ ಇಟ್ಟುಕೊಂಡಿದ್ದರು, ಆ ಹೆಸರೇ ಉಳಿದಿದೆ. ಅಷ್ಟು ತಂಪಿಗೆ ಎಸಿ ಸುಮಾರು 1100 ವ್ಯಾಟ್ ಕರೆಂಟು ತೆಗೆದುಕೊಳ್ಳುತ್ತದೆ. ಎರಡಕ್ಕೆ 2200. ಫ್ರಿಜ್ 150. ನಾಲ್ಕು ಫ್ಯಾನ್ 300. ಹತ್ತು ಎಲ್‌ಇಡಿ ಬಲ್ಬು 90. ಟಿವಿ 80. ಚಾರ್ಜರುಗಳೆಲ್ಲ ಸೇರಿ 60. ಒಟ್ಟು 2880 ವ್ಯಾಟ್.

ಜನರೇಟರಿನ ಶಕ್ತಿ 4000. ಅಂದರೆ ಕೈಯಲ್ಲಿ 1120 ಉಳಿದಿತ್ತು. ಕೆಟಲ್ ಕೇಳಿದ್ದು 1500. ಒಟ್ಟು 4380 ಆಯಿತು, ಮಿತಿಗಿಂತ ಶೇಕಡಾ ಹತ್ತರಷ್ಟು ಜಾಸ್ತಿ. ಒಳ್ಳೇ ಡೀಸೆಲ್ ಜನರೇಟರ್ ಶೇಕಡಾ ಹತ್ತರಷ್ಟು ಹೆಚ್ಚಿನ ಭಾರವನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಸದ್ದು ಕುಗ್ಗಿ ಬಲ್ಬು ಮಂಕಾದರೂ ಎರಡು ನಿಮಿಷ ಎಳೆದುಕೊಂಡು ಹೋಗುತ್ತಿತ್ತೇನೋ. ಅಷ್ಟರಲ್ಲಿ ಪಂಪು ಎದ್ದಿತು. ಅರ್ಧ ಎಚ್‌ಪಿ ಪಂಪಿಗೆ ಓಡುವಾಗ ನಾನೂರು ಐನೂರು ವ್ಯಾಟ್ ಇದ್ದರೆ ಏಳುವಾಗ ಅದರ ಐದಾರು ಪಟ್ಟು. ಭಾರ ಮೀರಿದರೆ ಕರೆಂಟು ಕತ್ತರಿಸುವ ಸ್ವಿಚ್, ಎಂಸಿಬಿ, ಬಿತ್ತು. ತಪ್ಪು ಅತ್ತೆಯದೊಬ್ಬರದೇ ಅಲ್ಲ, ನಲ್ಲಿ ತಿರುಗಿಸಿದವರದೂ ಅಲ್ಲ. ಎರಡೂ ಒಂದೇ ಹೊತ್ತಿಗೆ ಆಯಿತು.

ರಾತ್ರಿ ಒಂಬತ್ತಕ್ಕೆ ಅಡುಗೆಯವರು ಎಸಿ ಹಾಕಿದ ರೀತಿ ನನಗೆ ಆಮೇಲೆ ಅರ್ಥವಾಯಿತು. ಮೊದಲು ಒಂದು ರೂಮಿನದು ಹಾಕಿ, ಹೊರಗೆ ನಿಂತು ಜನರೇಟರ್ ಸದ್ದು ಕೇಳಿಸಿಕೊಂಡರು. ಅದು ಒಂದೇ ಸಮ ಆದ ಮೇಲೆ, ಐದು ನಿಮಿಷ ಬಿಟ್ಟು ಎರಡನೆಯದು. ಯಾವ ಮೀಟರೂ ನೋಡಲಿಲ್ಲ. ಕಿವಿಯೇ ಮೀಟರು.

ಒಂಬತ್ತರಿಂದ ಆರೇ ಯಾಕೆ?

ಸಂಜೆ ಐದೂವರೆ ಸುಮಾರಿಗೆ ಬೋಟ್‌ಹೌಸುಗಳು ದಡ ಸೇರಿ ನಿಲ್ಲುತ್ತವೆ. ರಾತ್ರಿ ಮೀನುಗಾರರು ಬಲೆ ಹಾಕುವ ಹೊತ್ತು. ನಿಂತ ಮೇಲೆ ಮಲಗುವ ಹೊತ್ತಿಗೆ ಎಸಿ ಕೊಡುತ್ತಾರೆ. ಉಳಿದದ್ದು ಡೀಸೆಲ್ಲಿನ ಲೆಕ್ಕ.

ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು ಹತ್ತು ಯೂನಿಟ್ಟಿನಷ್ಟು ಶಕ್ತಿ ಇದೆ. ಸಣ್ಣ ಜನರೇಟರ್ ಅದರಲ್ಲಿ ಕರೆಂಟು ಮಾಡಿಕೊಡುವುದು ಹೆಚ್ಚುಕಡಿಮೆ ಎರಡೂವರೆ ಯೂನಿಟ್. ಉಳಿದದ್ದೆಲ್ಲ ಬಿಸಿ, ಹೊಗೆ, ಸದ್ದು. ಎಸಿ ನಿಂತು ನಿಂತು ಓಡುವುದರಿಂದ ರಾತ್ರಿಯ ಸರಾಸರಿ ಭಾರ 2 ಕಿಲೋವ್ಯಾಟ್ ಎಂದಿಟ್ಟುಕೊಳ್ಳಿ. ಒಂಬತ್ತು ಗಂಟೆಗೆ 18 ಯೂನಿಟ್, ಏಳು ಲೀಟರಿಗಿಂತ ಸ್ವಲ್ಪ ಜಾಸ್ತಿ ಡೀಸೆಲ್. ಲೀಟರಿಗೆ 90 ರೂಪಾಯಿ ಅಂತ ಹಿಡಿದರೆ 650 ರೂಪಾಯಿ. ಇಡೀ ದಿನ ಓಡಿಸಿದರೆ 48 ಯೂನಿಟ್, ಹತ್ತೊಂಬತ್ತು ಲೀಟರ್, 1700 ರೂಪಾಯಿ ದಾಟುತ್ತದೆ. ಯೂನಿಟ್ಟಿಗೆ 36 ರೂಪಾಯಿ ಬಿತ್ತು. ನಮ್ಮ ಮನೆಯ ಬಿಲ್ಲಿನಲ್ಲಿ ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು. ಹಗಲೆಲ್ಲ ಎಸಿ ಕೊಡುವ ಬೋಟುಗಳು ಜಾಸ್ತಿ ದುಡ್ಡು ಕೇಳುವುದು ಇದಕ್ಕೆ. ಹಗಲಲ್ಲಿ ಸುತ್ತ ತೆರೆದ ಬೋಟಿನಲ್ಲಿ ಕೂತು ಹೋಗುವಾಗ ಗಾಳಿ ಚೆನ್ನಾಗಿಯೇ ಬರುತ್ತದೆ ಅನ್ನುವುದೂ ನಿಜ.

ಹಾಗಾದರೆ ದೊಡ್ಡ ಜನರೇಟರ್ ಇಟ್ಟುಬಿಟ್ಟರೆ? ಡೀಸೆಲ್ ಎಂಜಿನ್ ತೀರಾ ಕಡಿಮೆ ಭಾರದಲ್ಲಿ ಗಂಟೆಗಟ್ಟಲೆ ಓಡಿದರೆ ಒಳಗೆ ಬಿಸಿ ಸಾಲದೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಮಸಿ ಕಟ್ಟಿ ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡು ಸೋರುತ್ತದೆ. ಬರೀ ಫ್ಯಾನು ಬಲ್ಬಿಗೆ ದೊಡ್ಡ ಜನರೇಟರ್ ಓಡಿಸುವುದು ಎಂಜಿನ್ನಿಗೂ ಒಳ್ಳೆಯದಲ್ಲ, ಜೇಬಿಗೂ ಅಲ್ಲ.

ಬ್ಯಾಟರಿಯ ಮಾತೂ ಬರುತ್ತದೆ. ಮನೆಯ ಯುಪಿಎಸ್ಸಿನ 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಇರುವುದು 1.8 ಯೂನಿಟ್. ಲೆಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಜಾಸ್ತಿ ಬಳಸಬಾರದು. ಒಂದು ಎಸಿ ಮುಕ್ಕಾಲು ಗಂಟೆ ಓಡಿದರೆ ಆ ಅರ್ಧ ಮುಗಿಯಿತು. ಅದಕ್ಕೆ ಬೋಟಿನಲ್ಲಿ ಹಗಲಿನ ಫ್ಯಾನು, ಬಲ್ಬು ಬ್ಯಾಟರಿಯ ಮೇಲೆ, ರಾತ್ರಿಯ ಎಸಿ ಜನರೇಟರ್ ಮೇಲೆ ಅನ್ನುವುದು ಸಹಜ. ಸೋಲಾರ್ ದೋಣಿ ಆಗದ ಮಾತೇನಲ್ಲ. ಕೇರಳದಲ್ಲೇ 2017ರ ಜನವರಿಯಿಂದ ವೈಕಂನಿಂದ ಆಚೆ ದಡಕ್ಕೆ 'ಆದಿತ್ಯ' ಅನ್ನುವ ಸೋಲಾರ್ ದೋಣಿ ಜನರನ್ನು ದಾಟಿಸುತ್ತಿದೆ. ಅದು ಹಗಲು ಓಡುವ ದೋಣಿ, ಎಸಿ ಇಲ್ಲ. ರಾತ್ರಿಯಿಡೀ ಎಸಿ ಅಂದರೆ ದೊಡ್ಡ ಬ್ಯಾಟರಿ ಬೇಕು, ಬೋಟಿನ ಬಾಗಿದ ಚಾಪೆಯ ಮಾಡಿನ ಮೇಲೆ ನೂರಾರು ಚದರ ಅಡಿ ಸೋಲಾರ್ ಪ್ಯಾನೆಲ್ ಕೂರಬೇಕು.

ಲ್ಯಾಪ್‌ಟಾಪ್ ಹಾಕಬಹುದಾ?

ಹಾಕಬಹುದು. ಲ್ಯಾಪ್‌ಟಾಪ್, ಮೊಬೈಲ್ ಚಾರ್ಜರುಗಳು ವೋಲ್ಟೇಜ್ ಸ್ವಲ್ಪ ಏರಿಳಿದರೂ ತಡೆಯುತ್ತವೆ. ಆದರೆ ಎಸಿ ಏಳುವ ಹೊತ್ತಿಗೆ ಹಾಕದಿದ್ದರೆ ಒಳ್ಳೆಯದು. ಈಗ ಇನ್ವರ್ಟರ್ ಜನರೇಟರ್ ಅಂತ ಬಂದಿದೆ. ಅದು ಬಂದ ಕರೆಂಟನ್ನು ಒಮ್ಮೆ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟು ಮಾಡಿ, ಮತ್ತೆ ನಯವಾಗಿ ದಿಕ್ಕು ಬದಲಿಸುವ ಕರೆಂಟು ಮಾಡಿ ಕೊಡುತ್ತದೆ. ಭಾರ ಕಡಿಮೆ ಇದ್ದಾಗ ಎಂಜಿನ್ ತಾನೇ ನಿಧಾನವಾಗುತ್ತದೆ, ಸದ್ದೂ ಕಡಿಮೆ. ಬೆಲೆ ಜಾಸ್ತಿ. ಮನೆಯಲ್ಲಿ ಮಾಮೂಲಿ ಜನರೇಟರ್ ಹಾಕಿದಾಗ ಯುಪಿಎಸ್ ಚಾರ್ಜ್ ಆಗುವುದಿಲ್ಲ ಅನ್ನುವ ದೂರು ಇರುವವರು ಯುಪಿಎಸ್ಸಿನ ಹಿಂದೆ ನೋಡಿ. ಹಲವು ಯುಪಿಎಸ್‌ಗಳಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ 'ಯುಪಿಎಸ್', ಇನ್ನೊಂದು ಕಡೆ 'ನಾರ್ಮಲ್'. ನಾರ್ಮಲ್ ಕಡೆ ಇಟ್ಟರೆ ವೋಲ್ಟೇಜ್ ಏರಿಳಿತವನ್ನು ಅದು ಜಾಸ್ತಿ ಸಹಿಸಿಕೊಳ್ಳುತ್ತದೆ.

ಹೊಗೆ: ಕಾಣದ ಭಾಗ

ಇಲ್ಲಿಯವರೆಗೆ ಹೇಳಿದ್ದರಲ್ಲಿ ತಪ್ಪಿದರೆ ಕತ್ತಲೆ ಆಗುತ್ತದೆ ಅಷ್ಟೇ. ಇಲ್ಲಿ ತಪ್ಪಿದರೆ ಜೀವ ಹೋಗುತ್ತದೆ.

ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ಅನಿಲ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟೆಲ್ಲ ಬೇರೆಯವರು ಹಿಡಿದು ಕೂತ ಹಾಗೆ, ಆಮ್ಲಜನಕಕ್ಕೆ ಜಾಗವೇ ಇರುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಬೋಟಿನಲ್ಲಿ ಇದನ್ನು ನೀರಿನ ಮೇಲೆ ಓಲಾಡಿದ್ದಕ್ಕೆ ಆಗಿದ್ದು ಅಂತ ತಿಳಿಯುವುದು ಸುಲಭ. ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಪ್ರಾಣ ಕಳೆದುಕೊಂಡವರ ಸುದ್ದಿ ಆಗಾಗ ಓದುತ್ತೇವಲ್ಲ, ಅದಕ್ಕೂ ಬಹಳ ಸಲ ಇದೇ ಅನಿಲ ಕಾರಣ.

ಜನರೇಟರ್ ಹಿಂದುಗಡೆ ಇದೆ, ಹೊಗೆ ಹೊರಗೆ ಹೋಗುತ್ತದೆ, ಸರಿ ತಾನೇ ಅನ್ನಿಸಬಹುದು. ಅಷ್ಟು ಸರಳ ಅಲ್ಲ. ಬೋಟು ಮುಂದೆ ಹೋಗುವಾಗ ಅದರ ಹಿಂದೆ ಗಾಳಿ ಸುಳಿಯಾಗಿ ತಿರುಗಿ ಹೊಗೆಯನ್ನು ಒಳಕ್ಕೇ ಎಳೆಯುತ್ತದೆ. ನಿಂತಾಗ ಹಿಂದಿನಿಂದ ಗಾಳಿ ಬೀಸಿದರೂ ಹಾಗೇ. ಇನ್ನೊಂದು, ರಾತ್ರಿ ಬೋಟುಗಳು ಅಕ್ಕಪಕ್ಕ ಒತ್ತಿಕೊಂಡು ನಿಲ್ಲುತ್ತವೆ. ಪಕ್ಕದ ಬೋಟಿನ ಸೈಲೆನ್ಸರ್ ನಿಮ್ಮ ಕಿಟಕಿಗೆ ನಾಲ್ಕು ಅಡಿ ದೂರದಲ್ಲಿ ಇರಬಹುದು. ನಿಮ್ಮ ಜನರೇಟರ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಏನೂ ಮಾಡಲಾಗದು.

ಡೀಸೆಲ್‌ಗಿಂತ ಪೆಟ್ರೋಲ್ ಜನರೇಟರ್ ಈ ಅನಿಲವನ್ನು ಬಹಳ ಜಾಸ್ತಿ ಬಿಡುತ್ತದೆ. ಬೋಟಿನಲ್ಲಿ ಪೆಟ್ರೋಲಿಗೆ ಇನ್ನೊಂದು ಅಪಾಯವೂ ಇದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲ ಸಂದಿಯಲ್ಲಿ ಹರಿದು ಹೋಗುತ್ತದೆ. ಬೋಟು ಬಟ್ಟಲಿನ ಹಾಗೆ, ಆವಿ ತಳದಲ್ಲಿ ಕೂತು ಒಂದು ಕಿಡಿಗೆ ಕಾಯುತ್ತದೆ. ಅಡುಗೆ ಗ್ಯಾಸಿಗೂ ಇದೇ ಮಾತು. ಟೆಂಪೋದಲ್ಲಿ ಒಯ್ಯುವ ಬಾಡಿಗೆ ಜನರೇಟರನ್ನು ತಂದು ಬೋಟಿನೊಳಗೆ ಇಡಬಾರದು ಅನ್ನುವುದು ಇದಕ್ಕೆ. ಬೋಟಿಗೆಂದೇ ಮಾಡಿದ ಜನರೇಟರುಗಳು ಹೊರಗಿನ ನೀರನ್ನು ಎಳೆದು ತಂಪಾಗುತ್ತವೆ, ಹೊಗೆಯನ್ನು ಆ ನೀರಿನ ಜೊತೆಗೇ ಹೊರಗೆ ಉಗುಳುತ್ತವೆ, ಕಿಡಿ ಹೊರಬರದ ಹಾಗೆ ಕಟ್ಟಿರುತ್ತಾರೆ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಅಂತ ಅಂಗೈಯಗಲದ ಪೆಟ್ಟಿಗೆ ಸಿಗುತ್ತದೆ, ಬ್ಯಾಟರಿಯ ಮೇಲೆ ಓಡುತ್ತದೆ. ಅತ್ತೆಯ ಕೆಟಲಿಗೆ ಬ್ಯಾಗಿನಲ್ಲಿ ಜಾಗ ಇದ್ದರೆ ಇದಕ್ಕೂ ಇರುತ್ತದೆ. ತಲೆ ಭಾರವಾಗಿ ಎಚ್ಚರವಾದರೆ ಮೊದಲು ಎಲ್ಲರನ್ನೂ ಎಬ್ಬಿಸಿ ಹೊರಗಿನ ಗಾಳಿಗೆ ಕರೆದುಕೊಂಡು ಬನ್ನಿ, ಆಮೇಲೆ ಜನರೇಟರ್ ನಿಲ್ಲಿಸಿ ಅಂತ ಹೇಳಿ, ಆಸ್ಪತ್ರೆಗೆ ಹೋಗಿ.

ನೀರಿನ ಮೇಲೆ ಅರ್ಥಿಂಗ್ ಎಲ್ಲಿ?

ಮನೆಯಲ್ಲಿ ಅರ್ಥಿಂಗ್ ಅಂದರೆ ಉಪ್ಪು, ಇದ್ದಿಲು ಹಾಕಿ ನೆಲದಲ್ಲಿ ಹೂತ ಪೈಪು. ಬೋಟಿನಲ್ಲಿ ನೆಲ ಎಲ್ಲಿದೆ?

ಕರೆಂಟು ಭೂಮಿಯನ್ನು ಹುಡುಕಿಕೊಂಡು ಹೋಗುವುದಲ್ಲ. ಅದು ಎಲ್ಲಿಂದ ಹೊರಟಿತೋ ಅಲ್ಲಿಗೆ ವಾಪಸ್ ಹೋಗಲು ದಾರಿ ಹುಡುಕುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ತಂತಿಯನ್ನು, ಅಂದರೆ ಕರೆಂಟು ವಾಪಸ್ ಹೋಗುವ ತಂತಿಯನ್ನು, ನೆಲಕ್ಕೆ ಜೋಡಿಸಿರುತ್ತಾರೆ. ಹಾಗಾಗಿ ಫ್ರಿಜ್ಜಿನ ಮೈಗೆ ಸೋರಿದ ಕರೆಂಟು ನಿಮ್ಮ ಕೈ, ಕಾಲು, ನೆಲ ಹಿಡಿದು ಟ್ರಾನ್ಸ್‌ಫಾರ್ಮರಿಗೆ ಹೋಗಬಲ್ಲದು. ಬೋಟಿನಲ್ಲಿ ಕರೆಂಟು ಹೊರಡುವುದು ಜನರೇಟರಿನಿಂದ, ವಾಪಸ್ ಹೋಗಬೇಕಾದ್ದೂ ಅಲ್ಲಿಗೇ. ಎಲ್ಲ ಲೋಹದ ಮೈಗಳ ಅರ್ಥ್ ತಂತಿಯನ್ನು ಒಟ್ಟುಮಾಡಿ, ಜನರೇಟರಿನ ಹತ್ತಿರ ಒಂದೇ ಒಂದು ಜಾಗದಲ್ಲಿ ನ್ಯೂಟ್ರಲ್‌ಗೆ ಸೇರಿಸಬೇಕು. ಆಗ ಸೋರಿದ ಕರೆಂಟು ನಿಮ್ಮ ಮೈಯ ಬದಲು ತಂತಿಯ ದಾರಿ ಹಿಡಿಯುತ್ತದೆ.

ಇದರ ಜೊತೆಗೆ ಆರ್‌ಸಿಸಿಬಿ ಬೇಕು. ಹೋದ ಕರೆಂಟು ಅಷ್ಟೂ ವಾಪಸ್ ಬಂತಾ ಅಂತ ಇದು ಸದಾ ಎಣಿಸುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಿದ್ದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸುತ್ತದೆ. ಎಷ್ಟೋ ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ಲನ್ನು ಅರ್ಥ್‌ಗೆ ಸೇರಿಸಿರುವುದಿಲ್ಲ. ಅಂಥದ್ದಕ್ಕೆ ಸುಮ್ನೆ ಆರ್‌ಸಿಸಿಬಿ ಹಾಕಿದರೆ ಡಬ್ಬಿ ಇರುತ್ತದೆ, ಬೇಕಾದಾಗ ಬೀಳುವುದಿಲ್ಲ. ಮಾಡಬೇಕಾದ್ದು ತಿಳಿದ ಎಲೆಕ್ಟ್ರಿಷಿಯನ್, ನಾವು ನೀವಲ್ಲ.

ಮಕ್ಕಳು ಬೋಟಿನ ಪಕ್ಕ ನೀರಿಗಿಳಿಯುವ ಆಸೆ ಪಡುತ್ತಾರೆ. ದಡದಿಂದ ಕರೆಂಟ್ ವೈರ್ ಎಳೆದಿರುವ ಕಡೆ ಖಂಡಿತ ಬೇಡ. ಸೋರಿಕೆ ಇದ್ದರೆ ಕರೆಂಟು ನೀರಿನಲ್ಲಿ ಹರಡುತ್ತದೆ. ವಿಚಿತ್ರ ಏನೆಂದರೆ ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಇದು ಜಾಸ್ತಿ ಅಪಾಯ. ಉಪ್ಪುನೀರು ನಮ್ಮ ಮೈಗಿಂತ ಚೆನ್ನಾಗಿ ಕರೆಂಟು ಒಯ್ಯುತ್ತದೆ, ಹಾಗಾಗಿ ಅದು ಮೈಯನ್ನು ಬಿಟ್ಟು ಸುತ್ತ ಹೋಗುತ್ತದೆ. ಸಿಹಿನೀರಿನಲ್ಲಿ ನಮ್ಮ ಮೈಯೇ ಸುಲಭದ ದಾರಿ. ಸ್ನಾಯುಗಳು ಬಿಗಿದು ಈಜು ಬಲ್ಲವರೂ ಮುಳುಗುತ್ತಾರೆ. ಅಲೆಪ್ಪಿಯ ಹಿನ್ನೀರಾದ ವೆಂಬನಾಡ್ ಕೆರೆಗೆ ಅಡ್ಡಲಾಗಿ ತಣ್ಣೀರ್‌ಮುಕ್ಕಂನಲ್ಲಿ ಕಟ್ಟಿದ ಒಡ್ಡು ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ಕುಟ್ಟನಾಡಿನ ಗದ್ದೆಗಳ ಕಡೆ ಬರದ ಹಾಗೆ ತಡೆಯುತ್ತದೆ. ನಾವು ಪ್ರವಾಸ ಹೋಗುವ ಕಾಲದಲ್ಲಿ ಒಡ್ಡಿನ ಒಳಗಿನ ನೀರು ಬಹುಪಾಲು ಸಿಹಿನೀರೇ.

ಬುಕ್ ಮಾಡುವಾಗ ಊಟದ ಮೆನು ಕೇಳುವ ಹಾಗೆ ಇದನ್ನೂ ಕೇಳಿ: ಜನರೇಟರ್ ಎಷ್ಟು ಕೆವಿಎ, ಡೀಸೆಲ್ಲಾ ಪೆಟ್ರೋಲಾ, ಸೈಲೆನ್ಸರ್ ಮಲಗುವ ರೂಮಿನ ಯಾವ ಕಡೆ, ಆರ್‌ಸಿಸಿಬಿ ಇದೆಯಾ. ಉಡುಪಿ ಬಳಿಯ ಸ್ವರ್ಣಾ ನದಿಯ ಬೋಟ್‌ಹೌಸಿಗೆ ಹೋದರೂ ಇದೇ ಪ್ರಶ್ನೆಗಳು.

ಇದೇ ಜನರೇಟರ್ ಮನೆಗೆ ಬಂದರೆ

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಮಳೆನೀರು ನುಗ್ಗಿ, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಗೆ ತಂದಿದ್ದು ನೆನಪಿರಬಹುದು. ಬೇಸ್‌ಮೆಂಟಿನಲ್ಲಿದ್ದ ಕರೆಂಟ್ ಪ್ಯಾನೆಲ್ ಮುಳುಗಿದ ಕಡೆ ದೊಡ್ಡ ಡಿಜಿ ಇದ್ದೂ ಪ್ರಯೋಜನ ಆಗಲಿಲ್ಲ. ಅಂಥ ಹೊತ್ತಿನಲ್ಲಿ ಸಣ್ಣ ಜನರೇಟರ್ ತಂದು ಮನೆಗೆ ಕರೆಂಟ್ ಕೊಡುವ ಯೋಚನೆ ಬರುವುದು ಸಹಜ. ಅದನ್ನು ಬಾಲ್ಕನಿಯಲ್ಲೋ ಮುಚ್ಚಿದ ಪಾರ್ಕಿಂಗಿನಲ್ಲೋ ಇಡಬಾರದು ಅನ್ನುವುದು ಮೇಲಿನ ಹೊಗೆಯ ಮಾತಿನಿಂದಲೇ ಗೊತ್ತಾಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಸುಲಭವಾಗಿ ಆಗುತ್ತದೆ. ಎರಡು ತುದಿಗೂ ಪಿನ್ ಇರುವ ವೈರ್ ಮಾಡಿ, ಒಂದು ತುದಿ ಜನರೇಟರಿಗೆ, ಇನ್ನೊಂದು ಮನೆಯ ಪ್ಲಗ್ಗಿಗೆ ಚುಚ್ಚಿಬಿಡುತ್ತಾರೆ. ಮನೆಯೆಲ್ಲ ಬೆಳಕಾಗುತ್ತದೆ. ಆದರೆ ಮೈನ್ ಸ್ವಿಚ್ ಆರಿಸಿರದಿದ್ದರೆ ಅದೇ ಕರೆಂಟು ಮೀಟರ್ ದಾಟಿ ಬೀದಿಯ ಟ್ರಾನ್ಸ್‌ಫಾರ್ಮರಿಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಎರಡು ದಿಕ್ಕಿಗೂ ಕೆಲಸ ಮಾಡುತ್ತದೆ. ಆ ಕಡೆಯಿಂದ 11,000 ವೋಲ್ಟನ್ನು ಇಳಿಸುವ ಅದೇ ಯಂತ್ರ, ಈ ಕಡೆಯಿಂದ ಬಂದ 230 ವೋಲ್ಟನ್ನು ಅಷ್ಟಕ್ಕೇ ಏರಿಸುತ್ತದೆ. ಮೇಲೆ ಕಂಬ ಹತ್ತಿ ಲೈನ್ ಸರಿಮಾಡುತ್ತಿರುವ ಲೈನ್‌ಮನ್‌ಗೆ ಆ ತಂತಿ ಸತ್ತಿದೆ ಅನ್ನುವ ನಂಬಿಕೆ.

ಇದನ್ನು ತಡೆಯುವುದು ಚೇಂಜ್‌ಓವರ್ ಸ್ವಿಚ್. ಬೆಳಗ್ಗೆ ಬೋಟಿನ ಹಿಂದುಗಡೆ ಜನರೇಟರ್ ಪಕ್ಕದಲ್ಲಿ ನಾನು ನೋಡಿದ್ದು ಅದೇ. ಮರದ ಹಲಗೆಗೆ ಬಡಿದ ಕಬ್ಬಿಣದ ಡಬ್ಬಿ, ಉದ್ದ ಹಿಡಿ. ಮೇಲಕ್ಕೆ ಎತ್ತಿದರೆ ದಡದ ಕರೆಂಟು, ಕೆಳಕ್ಕೆ ತಳ್ಳಿದರೆ ಜನರೇಟರು, ನಡುವೆ ನಿಲ್ಲಿಸಿದರೆ ಏನೂ ಇಲ್ಲ. ಎರಡೂ ಒಟ್ಟಿಗೆ ಸೇರಲು ದಾರಿಯೇ ಇಲ್ಲದ ಹಾಗೆ ಅದರ ಕಟ್ಟುವಿಕೆ. ಆರು ಗಂಟೆಗೆ ಅಡುಗೆಯವರು ಬಂದು ಮೊದಲು ಎರಡೂ ಎಸಿ ಆರಿಸಿದರು. ಎಂಜಿನ್ ತಣ್ಣಗಾಗಲಿ ಅಂತ ಎರಡು ನಿಮಿಷ ಭಾರ ಇಲ್ಲದೆ ಓಡಲು ಬಿಟ್ಟರು. ಆಮೇಲೆ ಹಿಡಿಯನ್ನು ನಡುವಿಗೆ ತಂದು ನಿಲ್ಲಿಸಿ, ಜನರೇಟರ್ ಬಂದ್ ಮಾಡಿದರು.